ಒಂದರೊಳಗೊಂದು ಕಾಂಪೊನೆಂಟ್: ಮಾಹಿತಿ ಕೆಳಗೆ ತಲುಪೋದು ಹೇಗೆ?

ರಿಯಾಕ್ಟ್‌ನಲ್ಲಿ ಒಂದು ಕಾಂಪೊನೆಂಟ್ ಬರೆಯೋದು ಕಷ್ಟವಲ್ಲ. ಒಂದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಕೂತಾಗ ಮಾಹಿತಿಯನ್ನು ಯಾರು ಇಟ್ಟುಕೊಳ್ಳಬೇಕು, ಯಾರಿಗೆ ಹೇಗೆ ಕೊಡಬೇಕು ಅನ್ನುವಲ್ಲೇ ತಲೆ ಕೆಡುವುದು.

ಉದಾಹರಣೆಗೆ ಶಾಪಿಂಗ್ ಕಾರ್ಟ್ ಬೇಡ, ಅದನ್ನು ಎಲ್ಲರೂ ತೋರಿಸ್ತಾರೆ. ನಮ್ಮ ಚಳ್ಳಕೆರೆ ಕಡೆಯ ವರವು ಕಾವಲ್‌ಗೆ ಹೋಗೋಣ. ಒಂದು ಕಾಲಕ್ಕೆ ಅಮೃತ್ ಮಹಲ್ ದನಗಳ ಹುಲ್ಲುಗಾವಲು, ಈಗ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್. (ಆ ಬದಲಾವಣೆಯದೇ ಬೇರೆ ದೊಡ್ಡ ಕಥೆ, ಇಲ್ಲಿ ಬೇಡ.) ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ ಅಲ್ಲಿನ ರನ್‌ವೇ ಮೇಲೆ ಮೂರು ಸಲ ತಾನಾಗಿಯೇ ಇಳಿಯಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಪ್ರತಿ ಸಲವೂ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಮೂರನೇ ಸಲ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು; ಬ್ರೇಕ್ ಪ್ಯಾರಾಚೂಟ್ ಅದನ್ನು ಸುಮಾರು 100ಕ್ಕೆ ಇಳಿಸಿತು.

ಈ ಇಳಿಕೆಗಳನ್ನು ತೋರಿಸುವ ಒಂದು ಪುಟ ಕಟ್ಟುತ್ತೇವೆ ಅಂದುಕೊಳ್ಳಿ. ಪುಟದೊಳಗೆ ಪಟ್ಟಿ, ಪಟ್ಟಿಯೊಳಗೆ ಕಾರ್ಡ್, ಕಾರ್ಡ್‌ನೊಳಗೆ ವೇಗದ ಪೆಟ್ಟಿಗೆ. ಪುಟದ ಮೇಲ್ಗಡೆ ಒಂದು ಬಟನ್: ಒತ್ತಿದರೆ ಕಿ.ಮೀ. ಹೋಗಿ ನಾಟ್ ಬರಬೇಕು. 320 ಕಿ.ಮೀ. ಅಂದರೆ ಸುಮಾರು 173 ನಾಟ್.

'ಯಾವ ಯೂನಿಟ್' ಅನ್ನುವ ಸ್ಟೇಟ್ ಎಲ್ಲಿರಬೇಕು? ಬಟನ್‌ಗೂ ಬೇಕು, ಪೆಟ್ಟಿಗೆಗೂ ಬೇಕು. ಇಬ್ಬರಿಗೂ ಮೇಲಿರುವ, ಇಬ್ಬರಿಗೂ ಅತಿ ಹತ್ತಿರದ ಹಿರಿಯರ ಹತ್ತಿರ, ಅಂದರೆ ಪುಟದಲ್ಲಿ. ಅಲ್ಲಿಂದ ಪ್ರಾಪ್ಸ್ ಆಗಿ ಕೆಳಗೆ ಇಳಿಸಬೇಕು. ಬಟನ್ ಅದನ್ನು ಬದಲಿಸಬೇಕಾದರೆ ಬದಲಿಸುವ ಫಂಕ್ಷನ್ನನ್ನೂ ಪ್ರಾಪ್ಸ್‌ನಲ್ಲೇ ಕೊಡುತ್ತೇವೆ. ಪೆಟ್ಟಿಗೆಯೊಳಗೆ ಇನ್ನೊಂದು ಪ್ರತಿ ಇಟ್ಟರೆ ಎರಡು ಸತ್ಯಗಳಾಗಿಬಿಡುತ್ತವೆ. ವೇಗದ ಅಂಕಿಯೂ ಅಷ್ಟೇ: ಎಲ್ಲ ಕಡೆ ಕಿ.ಮೀ.ಯಲ್ಲೇ ಸಾಗಲಿ, ತೋರಿಸುವ ಕೊನೇ ಪೆಟ್ಟಿಗೆಯಲ್ಲಿ ಮಾತ್ರ ನಾಟ್‌ಗೆ ಪರಿವರ್ತಿಸಿ.

ಇದರಲ್ಲಿ ಪಟ್ಟಿ, ಕಾರ್ಡ್ ಎರಡಕ್ಕೂ ಯೂನಿಟ್‌ನಿಂದ ಏನೂ ಆಗಬೇಕಿಲ್ಲ. ಸುಮ್ಮನೆ ಕೈಯಿಂದ ಕೈಗೆ ದಾಟಿಸುತ್ತವೆ. ಇದಕ್ಕೇ ಪ್ರಾಪ್ ಡ್ರಿಲ್ಲಿಂಗ್ ಅನ್ನೋದು. ಮೂರು ಹಂತಕ್ಕೆ ಇದು ತೊಂದರೆಯೇ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ. ಎಲ್ಲಿಂದ ಬಂತು ಅಂತ ಓದಿದರೆ ಗೊತ್ತಾಗುತ್ತೆ. ಏಳೆಂಟು ಹಂತ, ಹತ್ತಾರು ಪೆಟ್ಟಿಗೆ ಆದಾಗ ಕಾಂಟೆಕ್ಸ್ಟ್ ಬೇಕು. ಕ್ರಿಯೇಟ್‌ಕಾಂಟೆಕ್ಸ್ಟ್‌ನಿಂದ ಒಂದನ್ನು ಮಾಡಿ, ಪುಟವನ್ನು ಅದರ ಪ್ರೊವೈಡರ್‌ನಿಂದ ಸುತ್ತಿ, ಪೆಟ್ಟಿಗೆಯೊಳಗೆ ಯೂಸ್‌ಕಾಂಟೆಕ್ಸ್ಟ್ ಕರೆದರೆ ಮುಗೀತು. 2019ರ ಫೆಬ್ರವರಿಯಲ್ಲಿ 16.8ನೇ ಆವೃತ್ತಿಯೊಂದಿಗೆ ಹುಕ್ಸ್ ಬಂದ ಮೇಲೆ ಇದು ಒಂದೇ ಸಾಲಿನ ಕೆಲಸ.

ಆದರೆ ಇಲ್ಲೊಂದು ಗುಂಡಿ ಇದೆ. ಯೂಸ್‌ಕಾಂಟೆಕ್ಸ್ಟ್ ಮೇಲಕ್ಕೆ ನೋಡುತ್ತಾ ಹೋಗಿ ಅತಿ ಹತ್ತಿರದ ಪ್ರೊವೈಡರ್‌ನ ಬೆಲೆ ತರುತ್ತದೆ. ಒಂದೂ ಸಿಗದಿದ್ದರೆ? ಎರರ್ ಬರಲ್ಲ. ಶುರುವಿನಲ್ಲಿ ಕೊಟ್ಟ ಡೀಫಾಲ್ಟ್ ಬೆಲೆಯನ್ನು ಸದ್ದಿಲ್ಲದೆ ಕೊಡುತ್ತದೆ. ಪುಟದ ತಲೆಬರಹ 'ನಾಟ್' ಅನ್ನುತ್ತಿರುತ್ತದೆ, ಪ್ರೊವೈಡರ್‌ನ ಹೊರಗೆ ಉಳಿದ ಪೆಟ್ಟಿಗೆ 320 ಅಂತ ತೋರಿಸುತ್ತದೆ. ಓದುವವರು ಅದನ್ನು 320 ನಾಟ್, ಅಂದರೆ ಗಂಟೆಗೆ ಸುಮಾರು 593 ಕಿ.ಮೀ. ಅಂದುಕೊಳ್ಳುತ್ತಾರೆ.

ಇದು ಬರೀ ಪುಟದ ಅಂದದ ವಿಷಯ ಅಲ್ಲ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಇಂಥದ್ದರಿಂದಲೇ. ನೆಲದಲ್ಲಿದ್ದ ಒಂದು ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಅಂತ ಓದಿತು. ಅಂಕಿ ತಲುಪಿತ್ತು, ಯೂನಿಟ್ ತಲುಪಿರಲಿಲ್ಲ.

ಹಾಗಾಗಿ ಡೀಫಾಲ್ಟ್ ಬೆಲೆಯಾಗಿ 'ಕಿ.ಮೀ.' ಅಂತ ಕೊಡಬೇಡಿ, ನಲ್ ಕೊಡಿ. ಯೂಸ್‌ಯೂನಿಟ್ ಅಂತ ನಮ್ಮದೇ ಒಂದು ಹುಕ್ ಬರೆದು, ಬಂದದ್ದು ನಲ್ ಆದರೆ ಅಲ್ಲೇ ಎರರ್ ಎಸೆಯಲಿ. ಪುಟ ಒಡೆದರೆ ಪರೀಕ್ಷಿಸುವಾಗಲೇ ಗೊತ್ತಾಗುತ್ತೆ. ತಪ್ಪು ಅಂಕಿ ಯಾರ ಕಣ್ಣಿಗೂ ಬೀಳಲ್ಲ. ಇನ್ನೊಂದು, ಪ್ರೊವೈಡರ್‌ಗೆ ಯೂನಿಟ್ ಮತ್ತು ಫಂಕ್ಷನ್ ಎರಡನ್ನೂ ಆಬ್ಜೆಕ್ಟ್ ಮಾಡಿ ಕೊಡುವಾಗ ಯೂಸ್‌ಮೆಮೊ ಬಳಸಿ. ಇಲ್ಲದಿದ್ದರೆ ಪುಟ ರೆಂಡರ್ ಆದಾಗಲೆಲ್ಲ ಹೊಸ ಆಬ್ಜೆಕ್ಟ್ ಹುಟ್ಟಿ, ಓದುವ ಪೆಟ್ಟಿಗೆಗಳೆಲ್ಲ ಸುಮ್ಮನೆ ರೆಂಡರ್ ಆಗುತ್ತವೆ.

ಅಭ್ಯಾಸಕ್ಕೆ, ಇದೇ ಪುಟಕ್ಕೆ ಎತ್ತರದ ಪೆಟ್ಟಿಗೆ ಸೇರಿಸಿ ನೋಡಿ. ಮೊದಲ ಇಳಿಕೆಯ 4.5 ಕಿ.ಮೀ. ಸಮುದ್ರ ಮಟ್ಟದಿಂದ ಅಳೆದದ್ದು, ಚಳ್ಳಕೆರೆಯ ನೆಲವೇ ಅದರಿಂದ ಅರ್ಧ ಕಿಲೋಮೀಟರಿಗಿಂತ ಮೇಲಿದೆ. 'ಎಲ್ಲಿಂದ ಅಳೆದದ್ದು' ಅನ್ನುವುದು ಪ್ರಾಪ್ಸ್‌ನಲ್ಲಿ ಹೋಗಬೇಕೋ, ಕಾಂಟೆಕ್ಸ್ಟ್‌ನಲ್ಲೋ?