ಪಂಚಾಯಿತಿಗೆ ನಿಲ್ಲುವ ಮುನ್ನ ಮತದಾರರ ಪಟ್ಟಿ ನೋಡಿ

ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆನ್ನುವ ಹುಡುಗರು ಮೊದಲು ಫ್ಲೆಕ್ಸ್ ಕಟ್ಟುತ್ತಾರೆ, ಮತದಾರರ ಪಟ್ಟಿಯನ್ನು ಕಟ್ಟಕಡೆಗೆ ನೋಡುತ್ತಾರೆ. ಅಷ್ಟರಲ್ಲಿ ಸಮಯ ಮೀರಿರುತ್ತದೆ.

ವಯಸ್ಸು 21 ತುಂಬಿರಬೇಕು, ಆ ಪಂಚಾಯಿತಿಯ ಪಟ್ಟಿಯಲ್ಲಿ ಹೆಸರಿರಬೇಕು. ಇಲ್ಲಿ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ಬಿ ಫಾರಂಗಾಗಿ ಯಾರ ಮನೆ ಬಾಗಿಲನ್ನೂ ಕಾಯಬೇಕಿಲ್ಲ.

ಎಡವುವುದು ಹೆಸರಿನ ವಿಚಾರದಲ್ಲೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಬಾಡಿಗೆ ಮನೆ ವಿಳಾಸಕ್ಕೆ ಓಟು ಬದಲಿಸಿಕೊಂಡಿರುತ್ತಾರೆ. ಊರಿಗೆ ಮರಳಿದ ಮೇಲೆ ಅದು ನೆನಪಿರುವುದಿಲ್ಲ. ರೇಷನ್ ಕಾರ್ಡು, ಆಧಾರ್, ಪಹಣಿ ಎಲ್ಲ ಊರಿನದೇ ಎಂದು ವಾದಿಸಿ ಪ್ರಯೋಜನವಿಲ್ಲ. ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೂ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಇವತ್ತೇ ಬೂತ್ ಮಟ್ಟದ ಅಧಿಕಾರಿಯ ಬಳಿ ಹೋಗಿ, ನಿಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಕಣ್ಣಾರೆ ನೋಡಿ ಬರೆದುಕೊಳ್ಳಿ. ಹೆಸರು ಬೇರೆ ಊರಲ್ಲಿದ್ದರೆ ನಮೂನೆ 8, ಎಲ್ಲೂ ಇಲ್ಲದಿದ್ದರೆ ನಮೂನೆ 6. ಎರಡೂ ಕಡೆ ಇರಲಿ ಎಂಬ ಜಾಣತನ ಬೇಡವೇ ಬೇಡ: ಅದಕ್ಕಾಗಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಸೂಚಕರ ವಿಷಯದಲ್ಲೂ ಇದೇ ಗೋಳು. ನೀವು ನಿಲ್ಲುವ ವಾರ್ಡಿನ ಮತದಾರರೇ ಸಹಿ ಹಾಕಬೇಕು. ಪಕ್ಕದ ಬೀದಿಯ ಚಿಕ್ಕಪ್ಪ ಎಷ್ಟೇ ಹತ್ತಿರದವರಾದರೂ, ಅವರ ಹೆಸರು ಬೇರೆ ವಾರ್ಡಿನಲ್ಲಿದ್ದರೆ ಪರಿಶೀಲನೆಯ ದಿನ ನಾಮಪತ್ರ ಬಿದ್ದುಹೋಗುತ್ತದೆ. ಅವರ ಕ್ರಮ ಸಂಖ್ಯೆಯನ್ನೂ ಪಟ್ಟಿಯಲ್ಲಿ ನೋಡಿಯೇ ತುಂಬಿ.

ಓಟು ಕೇಳುವ ಮೊದಲು ನಿಮ್ಮ ವಾರ್ಡ್ ಸಭೆಗೆ ಹೋಗಿ ಕೂತಿದ್ದೀರಾ? ಕುಡಿಯುವ ನೀರಿನ ಪೈಪು, ಚರಂಡಿ, ನರೇಗಾ ಕೂಲಿ, ಮನೆ ಪಟ್ಟಿ, ಜನರ ತಕರಾರೆಲ್ಲ ಅಲ್ಲೇ ಕೇಳಿಸುತ್ತದೆ. ಸಭೆಗೆ ಬಾರದವರು ಪ್ರಚಾರಕ್ಕೆ ಬಂದರೆ ಊರು ನಂಬುವುದಿಲ್ಲ, ನಂಬಬಾರದು ಕೂಡ.

ದೇವಸ್ಥಾನಕ್ಕೆ ಇಷ್ಟು ಕೊಟ್ಟರೆ ಅವಿರೋಧ ಆಯ್ಕೆ ಎಂದು ಹಿರಿಯರು ಹರಾಜು ಕೂಗಿದರೆ ಒಪ್ಪಬೇಡಿ. ಅದು ಊರಿನವರ ಓಟನ್ನು ಮಾರಿದಂತೆ. ಸೀಟು ಕೊಂಡವರು ಆ ದುಡ್ಡನ್ನು ಕಾಮಗಾರಿಯಲ್ಲೇ ವಸೂಲಿ ಮಾಡುತ್ತಾರೆ.

ಮೀಸಲು ಸ್ಥಾನವಾದರೆ ಜಾತಿ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಠೇವಣಿ ರಸೀದಿ ಜೋಪಾನ. ಕೊನೆಯ ದಿನಕ್ಕೆ ಕಾಯದೆ ನಾಮಪತ್ರ ಸಲ್ಲಿಸಿ. ಒಂದೇ ವಾರ್ಡಿಗೆ ಎರಡು ಮೂರು ಸ್ಥಾನಗಳಿದ್ದರೆ ಮತದಾರರಿಗೆ ಅಷ್ಟೇ ಓಟುಗಳಿರುತ್ತವೆ. ಅದಕ್ಕಿಂತ ಹೆಚ್ಚು ಗುರುತು ಒತ್ತಿದ ಮತಪತ್ರ ತಿರಸ್ಕೃತವಾಗುತ್ತದೆ ಎಂಬುದನ್ನು ಮನೆ ಮನೆಗೂ ತಿಳಿಸಿ.