ಭಾರತದ ಮಾನವ ಹಕ್ಕು ಪರಾಮರ್ಶೆ: ಓದಲು ಶುರುಮಾಡುವುದು ಹೇಗೆ?

ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳೂ ಸರದಿಯ ಮೇಲೆ ಜಿನೀವಾದ ಮಾನವ ಹಕ್ಕುಗಳ ಮಂಡಳಿಯ ಮುಂದೆ ಉತ್ತರ ಕೊಡಬೇಕು. ಈ ಪರಾಮರ್ಶೆಗೆ ಯುಪಿಆರ್ ಎನ್ನುತ್ತಾರೆ. ಭಾರತದ ಸರದಿ 2008, 2012, 2017, 2022ರಲ್ಲಿ ಬಂದಿತ್ತು. ಇದರ ದಾಖಲೆಗಳನ್ನು ಯಾರು ಬೇಕಾದರೂ ಓದಬಹುದು, ಓದಲೇಬೇಕು.

ಹಂತ 1: ಒಂದೇ ವಿಷಯ ಆರಿಸಿಕೊಳ್ಳಿ. 2022ರಲ್ಲಿ ಬೇರೆ ದೇಶಗಳಿಂದ ಭಾರತಕ್ಕೆ ಬಂದ ಶಿಫಾರಸುಗಳೇ 339. ಎಲ್ಲದರ ಬೆನ್ನು ಹತ್ತಿದರೆ ಒಂದೂ ಕೈಗೆ ಸಿಗುವುದಿಲ್ಲ. ಇಲ್ಲಿ ಪೊಲೀಸ್ ವಶದಲ್ಲಿ ನಡೆಯುವ ಚಿತ್ರಹಿಂಸೆಯನ್ನು ತೆಗೆದುಕೊಳ್ಳೋಣ.

ಹಂತ 2: ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯ ಜಾಲತಾಣದಲ್ಲಿ ಮೂರು ವರದಿಗಳಿವೆ: ಸರ್ಕಾರದ್ದು, ವಿಶ್ವಸಂಸ್ಥೆಯ ತಜ್ಞರ ಮಾತುಗಳ ಸಂಕಲನ, ಸಂಘಟನೆಗಳು ಕೊಟ್ಟ ಮಾಹಿತಿಯ ಸಾರಾಂಶ. ಮೂರನೆಯದರಿಂದ ಶುರುಮಾಡಿ. ಸರ್ಕಾರ ಕಾನೂನು, ಯೋಜನೆಗಳ ಪಟ್ಟಿ ಕೊಡುತ್ತದೆ. ಆ ಕಾನೂನು ಠಾಣೆಯ ಬಾಗಿಲು ದಾಟಿತೇ ಎಂಬ ಪ್ರಶ್ನೆ ಎತ್ತುವವರು ಸಂಘಟನೆಗಳವರು. ಆಮೇಲೆ ಸರ್ಕಾರದ ವರದಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ.

ಹಂತ 3: ಮೂರೂವರೆ ಗಂಟೆಯ ಕಲಾಪದ ವಿಡಿಯೊ ನೋಡಿ. ಪ್ರಶ್ನೆ ಕೇಳುವವರು ನ್ಯಾಯಾಧೀಶರಲ್ಲ, ಬೇರೆ ದೇಶಗಳ ಪ್ರತಿನಿಧಿಗಳು. ಅವರ ಮಾತಿನಲ್ಲಿ ರಾಜತಾಂತ್ರಿಕ ಲೆಕ್ಕಾಚಾರವೂ ಇರುತ್ತದೆ. ಹಾಗೆಂದು ಪ್ರಶ್ನೆ ಸುಳ್ಳಾಗುವುದಿಲ್ಲ.

ಹಂತ 4: ಶಿಫಾರಸುಗಳಿಗೆ ಭಾರತ ಕೊಟ್ಟ ಉತ್ತರದ ಪಟ್ಟಿ ತೆರೆಯಿರಿ. ಪ್ರತಿ ಶಿಫಾರಸಿಗೂ ಎರಡೇ ಬಗೆಯ ಉತ್ತರ: ಒಪ್ಪಿದೆ ಅಥವಾ ಗಮನಿಸಿದೆ. ‘ಗಮನಿಸಿದೆ’ ಎಂದರೆ ಸದ್ಯಕ್ಕೆ ಮಾತು ಕೊಟ್ಟಿಲ್ಲವೆಂದೇ ತಿಳಿಯಿರಿ. 2022ರ 339ರಲ್ಲಿ ಭಾರತ 221ನ್ನು ಒಪ್ಪಿತು.

ಹಂತ 5: ಮುಖ್ಯವಾದದ್ದು ಇದು. ನಿಮ್ಮ ವಿಷಯವನ್ನು ನಾಲ್ಕೂ ಸುತ್ತುಗಳಲ್ಲಿ ಹುಡುಕಿ, ಸಾಲಾಗಿ ಬರೆದುಕೊಳ್ಳಿ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 1997ರಲ್ಲಿ. ಅದನ್ನು ಅನುಮೋದಿಸಿ ಎಂಬ ಒತ್ತಾಯ ನಾಲ್ಕು ಸಲವೂ ಬಂದಿದೆ. ಅನುಮೋದನೆಗೆ ದಾರಿ ಮಾಡಿಕೊಡಲು 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಯಿತು, ಕಾನೂನಾಗಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಹೊಸ ಕರಡನ್ನೇ ಸಿದ್ಧಪಡಿಸಿಕೊಟ್ಟಿತು. 2022ರಲ್ಲೂ ಅದೇ ಒತ್ತಾಯ ಕೇಳಬೇಕಾಯಿತು. ಒಪ್ಪಿದ ಶಿಫಾರಸುಗಳ ಸಂಖ್ಯೆಯನ್ನಷ್ಟೇ ನೋಡಿದರೆ ಈ ವಿಳಂಬ ಕಣ್ಣಿಗೆ ಬೀಳುವುದೇ ಇಲ್ಲ. ಇಷ್ಟು ವರ್ಷ ಕಾಯಿಸಿದ್ದು ಅನ್ಯಾಯ.

ಹಂತ 6: ಮುಂದಿನ ಸರದಿಗೆ ನಿಮ್ಮ ಊರಿನ ಸಂಘಟನೆಯೂ ಮಾಹಿತಿ ಕಳಿಸಬಹುದು. ಕಲಾಪಕ್ಕೆ ಹಲವು ತಿಂಗಳ ಮೊದಲೇ ಗಡುವು ಮುಗಿಯುತ್ತದೆ. ಕನ್ನಡದ ಹೇಳಿಕೆಗಳನ್ನು ಇಂಗ್ಲಿಷಿಗೆ ತಂದುಕೊಳ್ಳಿ, ಪದಮಿತಿ ಮೀರದಿರಲಿ. ಕಳಿಸಿದ್ದೆಲ್ಲ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಆದ್ದರಿಂದ ನೊಂದವರ ಹೆಸರು, ಊರು, ಗುರುತು ಸಿಗುವಂಥ ಯಾವ ವಿವರವನ್ನೂ ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿ.