ಫ್ರಾನ್ಸ್ ಫಲಿತಾಂಶ: ಶೇಕಡಾ 58, ಯಾವುದರಲ್ಲಿ?

ಫ್ರಾನ್ಸ್‌ನಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ, ಮೊದಲ ಇಬ್ಬರ ನಡುವೆ ಎರಡನೇ ಸುತ್ತು ನಡೆಯುತ್ತದೆ. 2022ರ ಏಪ್ರಿಲ್ 24ರ ಆ ಸುತ್ತಿನಲ್ಲಿ ಮ್ಯಾಕ್ರನ್‌ಗೆ ಶೇ. 58.55, ಮರೀನ್ ಲೆ ಪೆನ್‌ಗೆ ಶೇ. 41.45 ಮತ ಬಂತು. ಸಾರ್ವಜನಿಕ ಸ್ಥಳಗಳಲ್ಲಿ ಹಿಜಾಬ್ ನಿಷೇಧಿಸುತ್ತೇನೆ ಎಂದಿದ್ದ ಲೆ ಪೆನ್ ಸೋತದ್ದು ನನಗೆ ಸಮಾಧಾನ ತಂದಿತು. ಆದರೆ ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ಅಂಕಿಗಳನ್ನೂ ನೋಡಿದೆ. ಈ ಶೇಕಡಾವಾರು ಸಿಂಧುವಾದ ಮತಗಳದ್ದು ಮಾತ್ರ. ಶೇ. 28ರಷ್ಟು ಮತದಾರರು ಮತಗಟ್ಟೆಗೇ ಹೋಗಲಿಲ್ಲ. ಸುಮಾರು 30 ಲಕ್ಷ ಮಂದಿ ಖಾಲಿ ಅಥವಾ ಅಸಿಂಧು ಮತ ಹಾಕಿದರು. ನೋಂದಾಯಿತ ಮತದಾರರ ಲೆಕ್ಕದಲ್ಲಿ ಮ್ಯಾಕ್ರನ್ ಪಾಲು ಸುಮಾರು ಶೇ. 38.5. ಇತ್ತ ಲೆ ಪೆನ್ ಅವರ ತಂದೆ 2002ರಲ್ಲಿ ಪಡೆದದ್ದು ಶೇ. 17.79, 2017ರಲ್ಲಿ ಮಗಳು ಪಡೆದದ್ದು ಶೇ. 33.90. ಸೋಲುತ್ತಲೇ ಈ ಪಕ್ಷ ಬೆಳೆದಿದೆ. ಗೆಳೆಯರೇ, ಯಾವ ಫಲಿತಾಂಶ ಓದಿದರೂ ಮೊದಲು ಕೇಳೋಣ: ಈ ಶೇಕಡಾ ಯಾವುದರಲ್ಲಿ?